ಮದುವೆಯ ದಿನ ಹೊರಗೆ ನಿಂತವರು

ನೀವು ಪರ್ತಿನಲ್ಲಿರಲಿ, ಬ್ರಿಸ್ಬೇನಿನಲ್ಲಿರಲಿ, ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರಿನ ಬಿಲ್ಲೆ ಧರಿಸಿದ ಇಬ್ಬರು ಹುಡುಗರು ಎಂದಾದರೊಂದು ದಿನ ನಿಮ್ಮ ಮನೆಯ ಬಾಗಿಲು ತಟ್ಟಿರಬಹುದು. ಅವರು ಮಾರ್ಮನ್ ಪಂಥದವರು. 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಸ್ಥಾಪಿಸಿದ ಈ ಪಂಥ ಹತ್ತೇ ವರ್ಷಗಳಲ್ಲಿ ಆಡಿಲೇಡಿಗೆ ಬಂದಿತು. ತಂದವನು ವಿಲಿಯಂ ಬ್ಯಾರೆಟ್ ಎಂಬ 17 ವರ್ಷದ ಹುಡುಗ. ಈಗ ಆಡಿಲೇಡ್ (2000), ಪರ್ತ್ (2001), ಬ್ರಿಸ್ಬೇನ್ (2003) ಮೂರೂ ಊರುಗಳಲ್ಲಿ ಅವರ ದೇವಾಲಯಗಳಿವೆ. ನಮ್ಮ ಬೆಂಗಳೂರಿಗೂ ಒಂದನ್ನು 2018ರಲ್ಲಿ ಘೋಷಿಸಿದರು.

ಆ ಪಂಥದಿಂದ ಹೊರಬಂದವರ ಬಗ್ಗೆ ಎರಡು ಮಾತು ಬರೆಯಬೇಕೆನಿಸಿದೆ. ನನ್ನೊಡನೆ ಕೆಲಸ ಮಾಡುತ್ತಿದ್ದ ನರ್ಸ್ ಒಬ್ಬರು ನಲವತ್ತು ದಾಟಿದ ಮೇಲೆ ಮೊದಲ ಸಲ ಕಾಫಿ ಕುಡಿದರು. (ಹಾಸನದ ಕಡೆಯವನಾದ ನನಗೆ ಕೇಳಿಯೇ ಸಂಕಟವಾಯಿತು!) ಅಲ್ಲಿ ಕಾಫಿ, ಚಹಾ, ಮದ್ಯ, ತಂಬಾಕು ನಿಷಿದ್ಧ, ಆದಾಯದ ಹತ್ತನೇ ಒಂದು ಪಾಲು ಚರ್ಚಿಗೆ. "ದೇವರನ್ನು ಬಿಡುವುದು ಅಷ್ಟು ಕಷ್ಟವಾಗಲಿಲ್ಲ ಡಾಕ್ಟರ್, ಭಾನುವಾರವನ್ನು ಬಿಡುವುದು ಕಷ್ಟವಾಯಿತು" ಎಂದರು ಆಕೆ. ಗೆಳತಿಯರು, ಮಕ್ಕಳ ಆಟ, ಬಾಣಂತಿಗೆ ಊಟ ತಂದುಕೊಡುವ ನೆರೆಯವರು, ಎಲ್ಲವೂ ಆ ಒಂದು ದಿನಕ್ಕೆ ಸೇರಿದ್ದು.

ನನ್ನ ಮನಸ್ಸಿಗೆ ನಾಟಿದ್ದು ಮದುವೆಯ ವಿಷಯ. ಅವರ ದೇವಾಲಯದೊಳಗೆ ಹೋಗಲು ಚರ್ಚಿನ ಅನುಮತಿಚೀಟಿ ಬೇಕು. ನಂಬಿಕೆ ಕಳೆದುಕೊಂಡ ತಾಯಿಗೆ ಅದು ಸಿಗದು. ಒಳಗೆ ಮಗಳ ಮದುವೆ ನಡೆಯುವಾಗ ಆಕೆ ಹೊರಗೆ ಕಾಯಬೇಕು. ಧಾರೆಯ ಹೊತ್ತಿಗೆ ನಮ್ಮ ಹೆಂಗಸರನ್ನು ಛತ್ರದ ಗೇಟಿನಾಚೆ ನಿಲ್ಲಿಸಿದರೆ ಹೇಗಿದ್ದೀತು? ಮೊದಲು ಹೊರಗೆ ಎಲ್ಲರೆದುರು ಮದುವೆಯಾದವರು ದೇವಾಲಯದ ವಿಧಿಗೆ ಒಂದು ವರ್ಷ ಕಾಯಬೇಕೆಂಬ ನಿಯಮವನ್ನು 2019ರಲ್ಲಿ ಕೈಬಿಟ್ಟರು. ಹಾಗಾಗಿ ಈಗ ಮನಸ್ಸಿದ್ದ ಮಕ್ಕಳಿಗೆ ದಾರಿಯುಂಟು.

ಇಂಥವರು ನಿದ್ದೆ ಬರುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ ಎಂದು ನಮ್ಮಲ್ಲಿಗೆ ಬರುತ್ತಾರೆ. ಇ.ಸಿ.ಜಿ. ಸರಿಯಾಗಿಯೇ ಇರುತ್ತದೆ. ಆ ನರ್ಸಿಗೆ ಗುಣ ಕೊಟ್ಟದ್ದು ನನ್ನ ಮಾತ್ರೆಯಲ್ಲ, ತಮ್ಮಂತೆಯೇ ಹೊರಬಂದ ನಾಲ್ಕಾರು ಜನರ ಸಹವಾಸ. ಅವರ ನಡುವೆ ಆಕೆ ಯಾವುದನ್ನೂ ಮೊದಲಿನಿಂದ ವಿವರಿಸಬೇಕಿರಲಿಲ್ಲ.

"ನಮ್ಮಲ್ಲಿ ಇದೆಲ್ಲ ಇಲ್ಲ ಬಿಡಿ" ಎಂದು ನೀವು ಹೇಳಬಹುದು. ಎ. ಎನ್. ಮೂರ್ತಿರಾಯರು ತೊಂಬತ್ತು ದಾಟಿ, 1991ರಲ್ಲಿ, 'ದೇವರು' ಪುಸ್ತಕದಲ್ಲಿ ದೇವರಿಲ್ಲವೆಂದು ವಾದಿಸಿದರು. ಕನ್ನಡಿಗರು ಅವರನ್ನು ಗೌರವದಿಂದಲೇ ಓದಿದರು. ನಿಜ. ಆದರೆ ನಮ್ಮ ಮನೆಗಳಲ್ಲಿ ನಂಬಿಕೆಯನ್ನು ಯಾರೂ ಪರೀಕ್ಷಿಸುವುದಿಲ್ಲ, ಆಚಾರವನ್ನು ಪರೀಕ್ಷಿಸುತ್ತೇವೆ. ಜನಿವಾರ ತೆಗೆದಿಟ್ಟ, ಲಿಂಗಧಾರಣೆ ಬೇಡವೆಂದ, ತಂದೆಯ ಶ್ರಾದ್ಧ ಮಾಡಲೊಲ್ಲೆನೆಂದ ಮಗ ಯಾರೊಡನೆ ಮಾತನಾಡಬೇಕು? ನಮ್ಮ ಸಂಘದಲ್ಲೇ ಅಂಥ ಹುಡುಗರಿದ್ದಾರೆ. ಗಣೇಶನ ಹಬ್ಬಕ್ಕೆ ಬಂದು ಕುರ್ಚಿ ಜೋಡಿಸಿ, ಮಂಗಳಾರತಿಯ ಹೊತ್ತಿಗೆ ಕಾರ್ ಪಾರ್ಕಿನಲ್ಲಿ ನಿಂತಿರುತ್ತಾರೆ. ಬೈಯುವುದನ್ನು ಬಿಟ್ಟು, ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳೋಣ.

ಆ ನರ್ಸ್ ಕಳೆದ ವರ್ಷ ನಮ್ಮ ಬಂಧುಗಳ ಮದುವೆಗೆ ಬಂದಿದ್ದರು. "ಒಳಗೆ ಯಾರು ಬೇಕಾದರೂ ಹೋಗಬಹುದೇ?" ಎಂದು ಬಾಗಿಲಲ್ಲಿ ಕೇಳಿದರು. ನನ್ನಾಕೆ ಅವರ ಕೈಗೆ ಅಕ್ಷತೆ ಕೊಟ್ಟು ಮುಂದಿನ ಸಾಲಿಗೆ ಕರೆದುಕೊಂಡು ಹೋದಳು.