ಹುಣಸೆಹಣ್ಣಿಗೆ ಅಳಿದ ಅಕ್ಷರ



ತಮ್ಮ ಮನೆಯ ಜಗುಲಿಯ ಮೇಲೆ, ಹಿರಿಯರ ಬೆಳ್ಳಿಯ ಕರಡಿಗೆಯ ಮಗ್ಗುಲಲ್ಲಿ, ಹಳೆಯದೊಂದು ನಾಣ್ಯವೋ ಮುರುಕು ಗಂಟೆಯೋ ಇದ್ದರೂ ಇದ್ದೀತು. ಅದು ಎಲ್ಲಿಂದ ಬಂದಿತೆಂದು ಕೇಳಿದರೆ “ಹೊಲದಾಗ ಸಿಕ್ಕಿದ್ದು” ಎಂಬಷ್ಟೇ ಉತ್ತರ ದೊರೆಯುತ್ತದೆ. ಅದರಾಚೆಗೆ ನಾವು ಕೇಳುವುದಿಲ್ಲ. ನಾನೂ ಬಹುಕಾಲ ಕೇಳಿರಲಿಲ್ಲ.

ನಮ್ಮದು ಹುನಗುಂದ ಸೀಮೆಯ, ಐಹೊಳೆಗೆ ಬಹುದೂರವಲ್ಲದ ಎರೆಹೊಲ. ನಾನು ಏಳೆಂಟು ವರ್ಷದವನಿದ್ದಾಗ ದೊಡ್ಡಪ್ಪನವರ ರಂಟೆಯ ಮೊನೆಗೆ ಮಣ್ಣಿನ ಕುಡಿಕೆಯೊಂದು ತಾಗಿ ಒಡೆದು, ಹಸಿರು ಕಿಲುಬು ಹಿಡಿದ ಬಿಲ್ಲೆಗಳು ಒಂದಕ್ಕೊಂದು ಅಂಟಿದ ಮುದ್ದೆಯಾಗಿ ಹೊರಬಿದ್ದವು. ಮನೆಯಲ್ಲಿ ನಮ್ಮಮ್ಮ, ಎಂದರೆ ತಂದೆಯವರ ತಾಯಿ, ಸಮೆ ದೀಪಗಳನ್ನು ಬೆಳಗುವ ರೀತಿಯಲ್ಲಿಯೇ ಹುಣಸೆಹಣ್ಣು, ಬೂದಿ ಹಚ್ಚಿ ಅವನ್ನು ತಿಕ್ಕಿದಳು. ನಾನು ನೀರು ಹಾಕಿದೆ. ಸಂಜೆಯ ಹೊತ್ತಿಗೆ ಬಿಲ್ಲೆಗಳು ಹೊಸ ಕೊಡದಂತೆ ಹೊಳೆದವು. ತಿಂಗಳೊಳಗೆ ತೂಕದ ಲೆಕ್ಕದಲ್ಲಿ ಬೋಗಾರನ ಅಂಗಡಿಗೆ ಹೋಗಿ, ಅವುಗಳ ಬದಲಾಗಿ ಒಂದು ತಾಮ್ರದ ಕೊಡ ಮನೆಗೆ ಬಂದಿತು. ನನ್ನ ಪಾಲಿಗೆ ಒಂದು ಬಿಲ್ಲೆ ಉಳಿಯಿತು.

ಆ ಬಿಲ್ಲೆ ಇಂದಿಗೂ ನನ್ನಲ್ಲಿದೆ. ಆದರೆ ಅದು ಏನೆಂದು ಹೇಳುವವರಿಲ್ಲ. ವಯಸ್ಸಾದ ಮೇಲೆ ಬಲ್ಲವರೊಬ್ಬರಿಗೆ ತೋರಿಸಿದೆ. ಅವರು ಬಿಸಿಲಿಗೆ ಓರೆ ಹಿಡಿದು ಬಹಳ ಹೊತ್ತು ನೋಡಿ, “ಇಲ್ಲಿ ಅಕ್ಷರ ಇದ್ದವು” ಎಂದಷ್ಟೇ ನುಡಿದರು. ದಪ್ಪನೆಯ ಚಿಕ್ಕ ತಾಮ್ರದ ನಾಣ್ಯಗಳು ನಮ್ಮ ಸೀಮೆಯಲ್ಲಿ ಅನೇಕ ಅರಸರ ಕಾಲದಲ್ಲಿ ನಡೆದಿವೆ. ವಿಜಯನಗರದ ದೇವರಾಯನ ಕಾಸಿನ ಮೇಲೆ ಆನೆಯಿರುತ್ತದೆ. ವಿಜಾಪುರದ ಆದಿಲಶಾಹಿ ನಾಣ್ಯದ ಮೇಲೆ ಫಾರಸಿ ಲಿಪಿಯಿರುತ್ತದೆ. ಮರಾಠರ ಶಿವರಾಯಿಯಾದರೆ ಒಂದು ಬದಿಗೆ ‘ಶ್ರೀ ರಾಜಾ ಶಿವ’ ಎಂದೂ ಇನ್ನೊಂದು ಬದಿಗೆ ‘ಛತ್ರಪತಿ’ ಎಂದೂ ನಾಗರಿಯಲ್ಲಿ ಬರೆದಿರುತ್ತದೆ. ಅದರಲ್ಲಿಯೂ ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದಾದ್ದರಿಂದ ಎಷ್ಟೋ ಶಿವರಾಯಿಗಳ ಮೇಲೆ ಮೂರು ನಾಲ್ಕು ಅಕ್ಷರಗಳಷ್ಟೇ ಬಿದ್ದಿರುತ್ತವೆ. ಆ ಗುರುತುಗಳು ಅಳಿದರೆ ಮೂರು ರಾಜ್ಯಗಳ ನಾಣ್ಯಗಳೂ ಬರಿಯ ತಾಮ್ರದ ತುಂಡುಗಳೇ. ಹಸಿರು ಕಿಲುಬೆಂಬುದು ಮೇಲೆ ಕುಳಿತ ಕೊಳೆಯಲ್ಲ, ತಾಮ್ರವೇ ಮಣ್ಣಿನ ತೇವದೊಡನೆ ಸೇರಿ ಮಾರ್ಪಟ್ಟ ಪದರ. ಎಷ್ಟೋ ಸಲ ಅಕ್ಷರದ ಅಂಚು ಉಳಿದಿರುವುದು ಆ ಪದರದಲ್ಲಿಯೇ. ಹುಳಿ ಅದನ್ನು ಕರಗಿಸುತ್ತದೆ, ಬೂದಿ ಉಳಿದುದನ್ನು ಸವೆಸುತ್ತದೆ. ನಮ್ಮಮ್ಮನ ತಪ್ಪೇನೂ ಇರಲಿಲ್ಲ. ಕಿಲುಬಿನ ಪಾತ್ರೆಯಲ್ಲಿ ಹುಳಿ ಇಟ್ಟರೆ ವಿಷವೆಂದು ಬಲ್ಲವಳು ಅವಳು.

ಲೋಹ ಯಾವುದೆಂದು ತಿಳಿಯುವುದು ಅಷ್ಟು ಕಷ್ಟವಲ್ಲ. ಇಳಕಲ್ಲಿನ ಯಾವ ಅಕ್ಕಸಾಲಿಗರೂ ಒರೆಗಲ್ಲಿಗೆ ತೀಡಿ ಹೇಳಿಯಾರು. ಬಂಗಾರ ಮಣ್ಣಿನಲ್ಲಿ ಬಣ್ಣಗೆಡದು, ಬೆಳ್ಳಿ ಕಪ್ಪಾಗುವುದು, ಕಬ್ಬಿಣ ಜಂಗು ಹಿಡಿದು ಉಬ್ಬಿ ಪದರ ಪದರವಾಗಿ ಏಳುವುದು, ಸೀಸ ಬೂದುಬಿಳುಪಾಗಿ ಗಾತ್ರಕ್ಕೆ ಮೀರಿದ ಭಾರವಿರುವುದು. ಕಾಲ ಯಾವುದೆಂಬುದೇ ಬೇರೆ ಪ್ರಶ್ನೆ. ಒರೆಗಲ್ಲಿಗೆ ಅದು ತಿಳಿಯದು. ಮೇಲಾಗಿ ತೀಡಿದಷ್ಟು ವಸ್ತುವಿಗೆ ಗಾಯ.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ತಾಯಿಯೊಡನೆ ನಮ್ಮ ಮನೆಗೆ ಬಂದ. ಕೆಂಪು ವಸ್ತ್ರದಲ್ಲಿ ಸುತ್ತಿದ ನಾಣ್ಯವೊಂದನ್ನು ಬಿಚ್ಚಿ ಮುಂದಿಟ್ಟ. ಒಂದು ಬದಿಗೆ ರಾಮಸೀತೆಯರ ಪರಿವಾರ, ಇನ್ನೊಂದು ಬದಿಗೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು, ೧೮೧೮ರ ಇಸವಿ. ಬಾದಾಮಿಯ ಕೋಟೆಯ ಬಳಿ ಅಗೆದಾಗ ದೊರೆತದ್ದೆಂದೂ, ಅಕ್ಕಿಕಾಳನ್ನು ಸೆಳೆಯುವುದೆಂದೂ, ಲಕ್ಷಗಟ್ಟಲೆ ಬೆಲೆಗೆ ಕೊಳ್ಳುವವರಿದ್ದಾರೆಂದೂ ನಂಬಿಸಿ ಯಾರೋ ಮಾರಿದ್ದರು. ಅದಕ್ಕಾಗಿ ತಾಯಿಯ ಎರಡು ತೊಲೆಯ ಸರ ಅಡವು ಹೋಗಿತ್ತು. ಆರು ತಿಂಗಳಿನಿಂದ ಅದು ಜಗುಲಿಯ ಮೇಲೆ ವಿಭೂತಿ ಪತ್ರಿಗಳನ್ನು ಕಂಡಿತ್ತು.

ಅಂಥ ನಾಣ್ಯವನ್ನು ಕಂಪನಿ ಎಂದೂ ಹೊರಡಿಸಲಿಲ್ಲ. ಇಡೀ ದೇಶಕ್ಕೆ ಒಂದೇ ಮಾದರಿಯ ನಾಣ್ಯವನ್ನು ಅದು ಟಂಕಿಸತೊಡಗಿದ್ದು ೧೮೩೫ರಲ್ಲಿ. ೧೮೧೮ ಎಂದರೆ ಪೇಶವೆಯರ ಆಳಿಕೆ ಮುಗಿದು ಮನ್ರೋ ಸಾಹೇಬನು ಬಾದಾಮಿಯ ಕೋಟೆಯನ್ನು ಹಿಡಿದ ವರ್ಷ. ಆಗ ನಮ್ಮ ಜನರ ಕೈಯಲ್ಲಿ ಓಡಾಡುತ್ತಿದ್ದುದು ಬಾಗಲಕೋಟೆಯ ಟಂಕಸಾಲೆಯ ಮಲ್ಹಾರಶಾಹಿ ರೂಪಾಯಿ. ರಾಸ್ತೆ ಮನೆತನದ ಆಳಿಕೆಯಲ್ಲಿ ಹುಟ್ಟಿದರೂ ಅದರ ಮೇಲಿದ್ದುದು ದಿಲ್ಲಿಯ ಬಾದಶಹನ ಹೆಸರು, ಫಾರಸಿ ಲಿಪಿ. ಇನ್ನು ಅಕ್ಕಿಯ ಮಾತು ಶುದ್ಧ ವಂಚನೆ. ಲೋಹದ ಯಾವ ಹಳಮೆಯೂ ಅಕ್ಕಿಯನ್ನು ಸೆಳೆಯದು.

ಇಷ್ಟನ್ನು ಹೇಳುವುದು ಸುಲಭವಿತ್ತು. ಆದರೆ ಆ ತಾಯಿ ಸೆರಗು ಸರಿಪಡಿಸಿಕೊಂಡು, “ಹಂಗಾರ ಇಷ್ಟ ದಿನಾ ನಾವು ಪೂಜಿ ಮಾಡಿದ್ದು ಯಾರಿಗ್ರೀ ಮಾಸ್ತರ?” ಎಂದು ಕೇಳಿದಾಗ ನನಗೆ ಥಟ್ಟನೆ ಮಾತು ಹೊಳೆಯಲಿಲ್ಲ. “ಬಿಲ್ಲೆ ಖೊಟ್ಟಿ ಐತಿ ಯವ್ವಾ, ಪೂಜಿ ಖೊಟ್ಟಿ ಅಲ್ಲ” ಎಂದೆ. ಆಕೆಗೆ ಸಮಾಧಾನವಾಯಿತೋ ಇಲ್ಲವೋ ನಾನರಿಯೆ. ಸರ ಮಾತ್ರ ಮರಳಿ ಬರಲಿಲ್ಲ.

ಖೊಟ್ಟಿಯನ್ನು ಬಂಗಾರದ ಬೆಲೆಗೆ ಕೊಳ್ಳುವ ನಾವೇ ನಿಜವಾದದ್ದನ್ನು ಗುಜರಿಗೆ ಹಾಕುತ್ತೇವೆ. ಬಾದಾಮಿ ಚಾಲುಕ್ಯರ ತಾಮ್ರಶಾಸನಗಳನ್ನೇ ನೋಡಿರಿ. ಹಲಗೆಗಳಿಗೆ ತೂತು ಕೊರೆದು ಬಳೆಯೊಂದನ್ನು ಪೋಣಿಸಿ, ಬಳೆಯ ಕೂಡುವೆಡೆಗೆ ವರಾಹದ ಮುದ್ರೆಯನ್ನು ಬೆಸೆಯುವುದು ಅವರ ಕ್ರಮ. ಮೊದಲ ಹಾಗೂ ಕೊನೆಯ ಹಲಗೆಗಳ ಹೊರಮೈಗೆ ಸಾಮಾನ್ಯವಾಗಿ ಬರಹವಿರುವುದಿಲ್ಲ, ಒಳಗಿನ ಅಕ್ಷರ ಸವೆಯಬಾರದೆಂದು. ಅಂಚುಗಳನ್ನು ತುಸು ಎತ್ತರಿಸುವುದೂ ಆ ಕಾರಣಕ್ಕಾಗಿಯೇ. ಕಂಡವರು ಬೋಳು ಹಲಗೆಯೆಂದು ಬಗೆದು ಒಲೆಯ ಮುಚ್ಚಳ ಮಾಡಿಕೊಂಡರೆ, ಒಂದು ಊರಿನ, ಒಂದು ದಾನದ, ಒಬ್ಬ ಅರಸನ ಹೆಸರು ಹೊಗೆಯಲ್ಲಿ ಹೋದಂತೆ. ಬಾದಾಮಿಯ ಬಂಡೆಯ ಮೇಲಿನ ೫೪೩ರ ಶಾಸನ, ಐಹೊಳೆಯ ಮೇಗುತಿಯಲ್ಲಿನ ರವಿಕೀರ್ತಿಯ ೬೩೪ರ ಶಾಸನ ಉಳಿದವು. ಕಲ್ಲನ್ನು ಕರಗಿಸಿ ಕೊಡ ಮಾಡಲು ಬಾರದು ನೋಡಿ!

ಕಬ್ಬಿಣದ ಕಥೆ ಇನ್ನೂ ಹಿಂದಿನದು. ಮೇಗುತಿ ಗುಡ್ಡದ ಮೇಲೆ ಗುಡಿಯ ಹಿಂಬದಿಗೆ ಚಪ್ಪಡಿಗಲ್ಲಿನ ಗೋರಿಗಳಿವೆ. ಜನ ಅವನ್ನು ಮೋರ್ಯರ ಮನೆಗಳೆನ್ನುತ್ತಾರೆ. ದಕ್ಷಿಣದ ಇಂಥ ಗೋರಿಗಳಲ್ಲಿ ಕಬ್ಬಿಣದ ಬಾಣದ ಮೊನೆ, ಕತ್ತಿ, ಕೊಡಲಿಗಳು ಕಪ್ಪು ಮತ್ತು ಕೆಂಪು ಬಣ್ಣ ಕೂಡಿದ ಮಡಕೆಗಳ ಜೊತೆಗೆ ದೊರೆಯುತ್ತವೆ. ಜಂಗು ಹಿಡಿದ ಕುಡುಗೋಲು ಮುನ್ನೂರು ವರ್ಷದ್ದೋ ಎರಡು ಸಾವಿರ ವರ್ಷದ್ದೋ ಎಂಬುದನ್ನು ಅದರ ಮಗ್ಗುಲಿನ ಮಡಕೆಯ ಚೂರು ಹೇಳಬೇಕು. ಕುಡುಗೋಲನ್ನು ಮಾತ್ರ ಎತ್ತಿಕೊಂಡು ಚೂರುಗಳನ್ನು ಬದುವಿಗೆ ಎಸೆದರೆ ಸಾಕ್ಷಿಯನ್ನು ಓಡಿಸಿದಂತಾಯಿತು. ನಮ್ಮ ದೊಡ್ಡಪ್ಪನೂ ಕುಡಿಕೆಯ ಚೂರುಗಳನ್ನು ಹಾಗೆಯೇ ಎಸೆದಿದ್ದ.

ಆದಕಾರಣ ತಮ್ಮಲ್ಲಿ ನನ್ನ ಬಿನ್ನಹವಿಷ್ಟು: ಸಿಕ್ಕಿದ್ದನ್ನು ತೊಳೆಯಬೇಡಿ, ತಿಕ್ಕಬೇಡಿ, ಅಂಟಿದ ಮುದ್ದೆಯನ್ನು ಬಿಡಿಸಬೇಡಿ. ಒಣ ಕಾಗದದಲ್ಲಿ ಸುತ್ತಿ, ಯಾವ ಹೊಲ, ಎಷ್ಟು ಆಳ, ಜೊತೆಗೆ ಏನಿತ್ತು ಎಂದು ಅದೇ ದಿನ ಬರೆದಿಡಿ. ಸೀಸವನ್ನು ಮರದ ಪೆಟ್ಟಿಗೆಯಲ್ಲಿಡಬೇಡಿ, ಮರದ ಆವಿಗೆ ಅದು ಬಿಳಿಯ ಪುಡಿಯಾಗುತ್ತದೆ. ನೆಲದೊಳಗಿನ ನಿಧಿಯನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕೆಂಬುದು ೧೮೭೮ರಿಂದಲೂ ಇರುವ ಕಾಯಿದೆ. ೧೯೭೨ರ ಕಾಯಿದೆಯ ಪ್ರಕಾರ ಪುರಾತನ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ನಿಧಿಯ ಆಸೆಗೆ ರಾತ್ರಿ ಬಸವಣ್ಣನ ಮೂರ್ತಿಯನ್ನೇ ಕಿತ್ತು ಕೆಳಗೆ ಅಗೆಯುವವರಿಗೆ ಈ ಮಾತು ತಲುಪದು, ಅವರ ಗೊಡವೆ ಇಲ್ಲಿ ಬೇಡ.

ಕಳೆದ ಬೇಸಿಗೆಯಲ್ಲಿ ಅದೇ ವಿದ್ಯಾರ್ಥಿ ಮತ್ತೆ ಬಂದಿದ್ದ. ಬಾವಿಯ ಹೂಳು ತೆಗೆಯುವಾಗ ದೊರೆತ ಕಬ್ಬಿಣದ ತುಂಡೊಂದನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದಿದ್ದ. ಜೊತೆಗೆ ಒಂದು ಹಿಡಿ ಮಡಕೆಯ ಚೂರು, ಶಾಲೆಯ ಹಾಳೆಯ ಮೇಲೆ ಬಾವಿಯ ನಕ್ಷೆ. ತುಂಡಿಗೆ ಹತ್ತಿದ ಕೆಸರು ಒಣಗಿ ಹಾಗೆಯೇ ಇತ್ತು.