ಹುಣಸೆಹಣ್ಣಲ್ಲಿ ಮಿಂದ ರಾಣಿ

ಹಳೆಯ ನಾಣ್ಯವನ್ನು ತೊಳೆಯಬಾರದಂತೆ. ಸಂಗ್ರಾಹಕರ ಮೊದಲ ಶಾಸ್ತ್ರವೇ ಅದು. ಬೆಳ್ಳಿ ತಾನಾಗಿ ಕಪ್ಪಾಗಬೇಕು, ಆ ಕಪ್ಪು ಮೈಮೇಲೆ ಹಾಗೇ ಉಳಿಯಬೇಕು. ತಿಕ್ಕಿದಿರೋ, ಬೆಲೆ ಅರ್ಧಕ್ಕಿಳಿಯಿತು. ಶಾಸ್ತ್ರ ಬರೆದವರು ಕೊಟ್ಟೂರಿನ ನಮ್ಮಜ್ಜಿಯನ್ನು ಕಂಡಿರಲಿಲ್ಲ. ದೀಪಾವಳಿ ಅಮಾವಾಸ್ಯೆ ಬಂತೆಂದರೆ ಅವಳು ಗಂಟು ಬಿಚ್ಚಿ, ಬೆಳ್ಳಿ ರೂಪಾಯಿಗಳಿಗೆ ಹುಣಸೆಹಣ್ಣು, ಒಲೆಯ ಬೂದಿ ಹಚ್ಚಿ ತಿಕ್ಕುತ್ತಿದ್ದಳು. ವಿಕ್ಟೋರಿಯಾ ರಾಣಿಯ ಕೆನ್ನೆ ಫಳಫಳ ಹೊಳೆದ ಮೇಲೆ ಅದೇ ಕೆನ್ನೆಗೆ ಅರಿಷಿಣ, ಕುಂಕುಮ. ಲಕ್ಷ್ಮಿ ಪೂಜೆಯಲ್ಲಿ ಇಂಗ್ಲೆಂಡಿನ ವಿಧವೆ ಮುತ್ತೈದೆಯಾಗಿ ಕೂತಿದ್ದಾಳೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಆ ಗಂಟು ಈಗ ನನ್ನ ಪಾಲಿಗೆ ಬಂದಿದೆ. 1840ರ ಕಂಪನಿ ರೂಪಾಯಿ, 1862ರ ರಾಣಿ, ಕಿರೀಟವಿಲ್ಲದ ಬರಿದಲೆಯ ಎಡ್ವರ್ಡ್ ದೊರೆ, 1918ರ ಐದನೇ ಜಾರ್ಜ್. ಎಲ್ಲಕ್ಕೂ ತೂಕ ಒಂದೇ: 180 ಗ್ರೇನ್, ನಮ್ಮ ಲೆಕ್ಕದಲ್ಲಿ ಒಂದು ತೊಲ, ಈಗಿನ 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಅಪ್ಪಟ ಬೆಳ್ಳಿ. 1835ರಲ್ಲಿ ಕಂಪನಿ ಸರಕಾರ ದೇಶಕ್ಕೆಲ್ಲ ಒಂದೇ ರೂಪಾಯಿ ಮಾಡಿದಾಗ ನಿಂತ ಲೆಕ್ಕವಿದು. ಅದಕ್ಕೂ ಮುಂಚೆ ಬಳ್ಳಾರಿ ಸೀಮೆಯ ಕಂದಾಯ ವರಹದಲ್ಲಿತ್ತು. 1818ರಲ್ಲಿ ಮದ್ರಾಸಿನವರು ಒಂದು ವರಹಕ್ಕೆ ಮೂರೂವರೆ ರೂಪಾಯಿ ಎಂದು ಕಟ್ಟಿದರು. ರೂಪಾಯಿ ಬಂದ ಮೇಲೆ ಅದೇ ತೂಕದ ಬೊಟ್ಟೂ ಆಯಿತು. ತಕ್ಕಡಿಯಲ್ಲಿ ರೂಪಾಯಿ ಇಟ್ಟೇ ಬಂಗಾರ ತೂಗುತ್ತಿದ್ದ ಪತ್ತಾರರಿದ್ದರು.

ನಾಣ್ಯ ಎಷ್ಟು ಸವೆದಿದೆ ಎಂಬ ಮಟ್ಟ ಅಳೆಯುವುದಕ್ಕೆ ಭೂತಗನ್ನಡಿ ಬೇಕು, ಓರೆಯಾಗಿ ಬೀಳುವ ಬೆಳಕು ಬೇಕು. ರಾಣಿಯಲ್ಲಿ ಮೊದಲು ಸವೆಯುವುದು ಕಿವಿಯ ಮೇಲಿನ ಕೂದಲು. ಆಮೇಲೆ ಕಿರೀಟ, ಕೆನ್ನೆ, ರವಿಕೆಯ ಮೇಲಿನ ಹೂಬಳ್ಳಿಯ ಕಸೂತಿ. ನನ್ನ ರಾಣಿಯ ಕಸೂತಿ ಎಡಗಡೆ ಇದೆ, ಬಲಗಡೆ ಇಲ್ಲ. ಕೂದಲೆಳೆಗಳು ಒಂದಕ್ಕೊಂದು ಕೂಡಿ ಬೋಳು ಗುಡ್ಡವಾಗಿವೆ. ಇಸವಿಯನ್ನೂ ಹಾಗೇ ನಂಬುವಂತಿಲ್ಲ: 1862 ಎಂಬ ಅಂಕಿಯನ್ನು 1874ರವರೆಗೂ ಒತ್ತುತ್ತಲೇ ಇದ್ದರು. ಮುಂಬಯಿ ಟಂಕಸಾಲೆಯವರು ಚುಕ್ಕೆ ಇಟ್ಟು ವರ್ಷದ ಗುರುತು ಮಾಡುತ್ತಿದ್ದರೆಂದು ಬಲ್ಲವರು ಚುಕ್ಕೆ ಎಣಿಸುತ್ತಾರೆ. ನಮ್ಮಜ್ಜಿಯ ಬೂದಿ ಅವನ್ನೂ ಬಿಟ್ಟಂತಿಲ್ಲ.

ಈಗ ಹಲವು ಕಡೆ ಮಟ್ಟ ಹೇಳುವುದು 1ರಿಂದ 70ರವರೆಗಿನ ಅಂಕದಲ್ಲಿ. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ತನ್ನ ದೇಶದ ಮೊದಮೊದಲ ತಾಮ್ರದ ಸೆಂಟುಗಳಿಗೆಂದು ಕಟ್ಟಿದ ಅಳತೆಯಿದು. ಪೂರ್ತಿ ಸವೆದ 1794ರ ಸೆಂಟಿಗೆ ಒಂದು ಡಾಲರಾದರೆ ಟಂಕಸಾಲೆಯಿಂದ ಹೊರಬಿದ್ದಂತಿರುವುದಕ್ಕೆ 70 ಎಂಬುದು ಅವನ ಲೆಕ್ಕ. ಇದೇ ಮಹಾಶಯ ಒಂದು ನಾಣ್ಯ ಸಂಗ್ರಹಾಲಯದ ಒಳ್ಳೆಯ ಸೆಂಟುಗಳನ್ನು ಎತ್ತಿಕೊಂಡು ತನ್ನ ಕಳಪೆಯವನ್ನು ಆ ಜಾಗದಲ್ಲಿಟ್ಟಿದ್ದು ಆಮೇಲೆ ಬಯಲಾಯಿತು. ಮಟ್ಟದ ವಿದ್ಯೆ ಅವನಿಗೆ ಚೆನ್ನಾಗಿಯೇ ಬರುತ್ತಿತ್ತು ಅನ್ನಿ.

1794ರ ಬೆಳ್ಳಿ ಡಾಲರೊಂದು 2013ರ ಹರಾಜಿನಲ್ಲಿ ಒಂದು ಕೋಟಿ ಡಾಲರಿಗೂ ಹೆಚ್ಚಿಗೆ ಹೋಯಿತು. ಅದರ ನಡುವೆ ತೂಕ ತುಂಬಲು ಹೊಡೆದ ಬೆಳ್ಳಿಯ ಬೆಣೆಯಿದೆ, ಮುಖದ ಮೇಲೆ ತೂಕ ಇಳಿಸಲು ಅರ ಉಜ್ಜಿದ ಗೀರುಗಳಿವೆ. ಟಂಕಸಾಲೆಯವರು ಅರ ಉಜ್ಜಿದರೆ ಇತಿಹಾಸ, ನಮ್ಮಜ್ಜಿ ಬೂದಿ ಉಜ್ಜಿದರೆ ಹಾನಿ! ಕೈಯಿಂದ ಕೈಗೆ ಹೋಗದ ನಾಣ್ಯಕ್ಕೇ ಹೆಚ್ಚಿನ ಅಂಕ ಎಂಬುದು ನನಗಂತೂ ಹಡಗಲಿ ಮಲ್ಲಿಗೆಯನ್ನು ಮುಡಿಯದವಳಿಗೆ ಬಹುಮಾನ ಕೊಟ್ಟ ಹಾಗೆ ಕಾಣುತ್ತದೆ.

ಕೂಡ್ಲಿಗಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯ ತಾಂಡಾಗಳಲ್ಲಿ ರೂಪಾಯಿ ದುಡಿದದ್ದು ಇನ್ನೊಂದು ಬಗೆ. ಲಂಬಾಣಿ ಹೆಂಗಸರ ಕೊರಳಲ್ಲಿ ರೂಪಾಯಿ ಸರ, ಪಾವಲಿ ಸರ. ಪ್ರತಿಯೊಂದರ ನೆತ್ತಿಗೂ ಕೊಂಡಿಯ ಬೆಸುಗೆ. ಕೊಂಡಿ ಬಿದ್ದದ್ದನ್ನು ಸಂಗ್ರಾಹಕ ಮುಟ್ಟುವುದಿಲ್ಲ. ಕಿತ್ತರೆ ಗಾಯ, ಬಿಟ್ಟರೆ ಗಂಟು. ಆ ಸರಗಳಲ್ಲಿ 1911ರ ಹಂದಿ ರೂಪಾಯಿ ಇದ್ದೀತೇ ಎಂಬ ಆಸೆ ಮಾತ್ರ ಅವನಿಗೆ ಬಿಡದು. ಜಾರ್ಜ್ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆಂದು ಗುಲ್ಲಾಗಿ, ಸರಕಾರ ಆ ವರ್ಷದ ನಾಣ್ಯಗಳನ್ನು ಹಿಂದಕ್ಕೆ ತೆಗೆದು ಬಹುಪಾಲು ಕರಗಿಸಿತು. 1912ರ ಆನೆಗೆ ಸೊಂಡಿಲು ಸರಿಯಾಗಿ ಬಂತು.

ನನ್ನ 1918ರದಕ್ಕೂ ಕೊಂಡಿಯಿದೆ. ಯಾವುದೋ ಬರದ ವರ್ಷ ತಾಂಡಾದ ಹೆಂಗಸೊಬ್ಬಳು ಜೋಳಕ್ಕೆ ಕೊಟ್ಟು ಹೋದದ್ದಂತೆ. ಹಿಂಬದಿಯಲ್ಲಿ, ತಳದ ತಾವರೆಯ ಕೆಳಗೆ ಸಾಸಿವೆಗಿಂತ ಸಣ್ಣ ಚುಕ್ಕೆ: ಮುಂಬಯಿಯದು. ಆ ವರ್ಷ ಎರಡು ಟಂಕಸಾಲೆ ಸೇರಿ 40 ಕೋಟಿಗೂ ಹೆಚ್ಚು ರೂಪಾಯಿ ಒತ್ತಿದ್ದವು, ಹಾಗಾಗಿ ಕೇಳುವವರಿಲ್ಲ. ಇಷ್ಟು ಬೆಳ್ಳಿ ಎಲ್ಲಿಂದ ಬಂತೆಂದು ನೋಡಿದರೆ ತಮಾಷೆಯಿದೆ. ಮೊದಲ ಮಹಾಯುದ್ಧದ ಖರೀದಿಗೆ, ಸಿಪಾಯಿಗಳ ಸಂಬಳಕ್ಕೆ ರೂಪಾಯಿ ಸಾಲದಾಗಿ ಸರಕಾರ 1917ರ ಕೊನೆಗೆ ಒಂದು ರೂಪಾಯಿ ನೋಟು ತಂದಿತು. ಜನ ನೋಟು ಹಿಡಿದು ಬೆಳ್ಳಿಯನ್ನೇ ಕೇಳಿದರು. 1918ರ ಏಪ್ರಿಲ್‌ನಲ್ಲಿ ಅಮೆರಿಕ ಪಿಟ್‌ಮನ್ ಕಾಯ್ದೆ ಮಾಡಿ, ತನ್ನ ಖಜಾನೆಯ 27 ಕೋಟಿ ಬೆಳ್ಳಿ ಡಾಲರುಗಳನ್ನು ಕರಗಿಸಿತು. ಬಹುಪಾಲು ಬೆಳ್ಳಿಯನ್ನು ಬ್ರಿಟಿಷರಿಗೆ ಮಾರಿದ್ದು ಈ ರೂಪಾಯಿಗಳಿಗಾಗಿಯೇ. ಡಾಲರಿನ ಮೇಲಿದ್ದ ಅಮೆರಿಕದ ಸ್ವಾತಂತ್ರ್ಯದೇವಿ ಮುಂಬಯಿಯ ಅಚ್ಚಿನಡಿ ದೊರೆಯ ಗಡ್ಡವಾಗಿ, ತಾಂಡಾದ ಕೊರಳೇರಿದ್ದಾಳೆಯೇ?

ಈ ಕಥೆಯನ್ನೆಲ್ಲ ನಮ್ಮ ಪತ್ತಾರರಿಗೆ ಹೇಳಿದೆ. ಅವರು ರೂಪಾಯಿಯನ್ನು ಕಲ್ಲಿನ ಮೇಲೆ ಪುಟಿಸಿ, ಠಣ್ಣೆಂದ ನಾದ ಕೇಳಿ ತಲೆದೂಗಿದರು. ಆಮೇಲೆ ಕನ್ನಡಕ ಏರಿಸಿ ಕೊಂಡಿಯನ್ನು ಉಗುರಿನಿಂದ ಕೆದರಿದರು.

“ಅಮೆರಿಕದ್ದಾಗ್ಲಿ, ತಾಂಡಾದ್ದಾಗ್ಲಿ ಸಾವ್ಕಾರ್ರೇ, ಬೆಳ್ಳಿ ಚೊಲೋ ಐತಿ. ಬೆಸಿಗಿ ತೂಕ ಮಾತ್ರ ಕಳೀತೀನ್ರೀ.”