ಒಬ್ಬರಿಗೇ ಕೇಳಿಸಿದ್ದು

ಹ್ಯಾಮ್ ರೇಡಿಯೋ ಅಂದ ಕೂಡಲೇ ಆಫೀಸಿನಲ್ಲಿ ಎಲ್ಲರೂ ಕೇಳೋ ಮೊದಲ ಪ್ರಶ್ನೆ, "ಅದು ಇನ್ನೂ ಇದೆಯಾ?" ಎರಡನೆಯದು, "ವಾಟ್ಸ್ಆ್ಯಪ್ ಇರುವಾಗ ಅದ್ಯಾಕೆ?" ಎರಡಕ್ಕೂ ಉತ್ತರ ಕೊಟ್ಟು ಕೊಟ್ಟು ಸಾಕಾಗಿ ಈಗ ಸುಮ್ಮನೆ ನಗ್ತೀನಿ. ಮೂರನೆಯ ಪ್ರಶ್ನೆ ಒಂದಿದೆ, ಅದನ್ನ ಮಾತ್ರ ಯಾರೂ ಕೇಳಲ್ಲ. ಇಷ್ಟು ದೊಡ್ಡ ಆಕಾಶದಲ್ಲಿ ಈಗ ಯಾರು, ಎಲ್ಲಿ, ಯಾವ ಫ್ರೀಕ್ವೆನ್ಸಿಯಲ್ಲಿ ಕರೀತಿದ್ದಾರೆ ಅಂತ ಗೊತ್ತಾಗೋದು ಹೇಗೆ?

ಮೊದಲೆಲ್ಲ ಒಂದೇ ದಾರಿ. ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಡಯಲ್. ಬ್ಯಾಂಡಿನ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸ್ತಾ ಹೋಗೋದು. 1980ರ ದಶಕದಲ್ಲಿ ಅಮೆರಿಕದ ಡಿಕ್ ನೆವೆಲ್ ಅನ್ನೋ ಹ್ಯಾಮ್ ಪ್ಯಾಕೆಟ್‌ಕ್ಲಸ್ಟರ್ ಅನ್ನೋ ಸಾಫ್ಟ್‌ವೇರ್ ಬರೆದರು. ಒಬ್ಬರಿಗೆ ದೂರದ ಸ್ಟೇಷನ್ ಕೇಳಿಸಿದರೆ ಒಂದು ಸಾಲು ಟೈಪ್ ಮಾಡೋದು, ಅದು ಜಾಲದಲ್ಲಿರೋ ಎಲ್ಲರ ಪರದೆಗೂ ಹೋಗೋದು. ಕೇಳಿದವರು ಯಾರು, ಫ್ರೀಕ್ವೆನ್ಸಿ ಎಷ್ಟು, ಕೇಳಿಸಿದ್ದು ಯಾರು, ಒಂದೆರಡು ಪದದ ಟಿಪ್ಪಣಿ, ಕೊನೆಗೆ ಗ್ರೀನಿಚ್ ಸಮಯ. ಅಷ್ಟೇ. ಇದಕ್ಕೆ ಸ್ಪಾಟ್ ಅಂತ ಹೆಸರು. ಆಗ ಇದೂ ರೇಡಿಯೋ ಮೂಲಕವೇ ಹರೀತಿತ್ತು, ಈಗ ಇಂಟರ್ನೆಟ್ಟಿನಲ್ಲಿ ಹರಿಯುತ್ತೆ. ಸಾಲಿನ ರೂಪ ಮಾತ್ರ ಇವತ್ತಿಗೂ ಹೆಚ್ಚುಕಮ್ಮಿ ಅದೇ.

ಬದಲಾಗಿದ್ದು ಪ್ರಮಾಣ. 2008ರಲ್ಲಿ ಅಲೆಕ್ಸ್ ಶೊವ್‌ಕೊಪ್ಲಿಯಾಸ್ ಬರೆದ ಸಿಡಬ್ಲ್ಯೂ ಸ್ಕಿಮ್ಮರ್ ಬಂತು. ಇಡೀ ಬ್ಯಾಂಡಿನಲ್ಲಿ ಹರಿಯೋ ಮೋರ್ಸ್ ಸಂಕೇತಗಳನ್ನ ಒಟ್ಟಿಗೇ ಓದೋ ಪ್ರೋಗ್ರಾಮ್ ಅದು. ಅದನ್ನ ಬಳಸಿ ರಿವರ್ಸ್ ಬೀಕನ್ ನೆಟ್‌ವರ್ಕ್ ಹುಟ್ಟಿಕೊಂಡಿತು. ಪ್ರಪಂಚದ ಬೇರೆ ಬೇರೆ ಕಡೆ ಹ್ಯಾಮ್‌ಗಳು ತಮ್ಮ ಮನೆಯಲ್ಲಿ ರಿಸೀವರ್ ಆನ್ ಮಾಡಿಟ್ಟಿರ್ತಾರೆ. ಅವು ಊಟ ನಿದ್ದೆ ಇಲ್ಲದೆ ಕೇಳಿಸಿಕೊಳ್ಳುತ್ತವೆ, ಕೇಳಿಸಿದ್ದನ್ನೆಲ್ಲ ವರದಿ ಮಾಡುತ್ತವೆ. ಎಷ್ಟು ಡೆಸಿಬೆಲ್, ನಿಮಿಷಕ್ಕೆ ಎಷ್ಟು ಪದದ ವೇಗ, ಎಲ್ಲ ಸಮೇತ. ನವೆಂಬರ್ ಕೊನೆಯ ವಾರಾಂತ್ಯದಲ್ಲಿ ಜಗತ್ತಿನ ದೊಡ್ಡ ಮೋರ್ಸ್ ಸ್ಪರ್ಧೆ ನಡೆಯುತ್ತಲ್ಲ, ಆಗ ಈ ಸಾಲುಗಳು ಪರದೆಯ ಮೇಲೆ ಹರಿಯೋ ವೇಗಕ್ಕೆ ಕಣ್ಣು ಹಿಡಿಯೋಕೇ ಆಗಲ್ಲ. ಪಕ್ಕಾ ಸಿಲ್ಕ್ ಬೋರ್ಡ್ ಜಂಕ್ಷನ್.

ನನ್ನ ಹತ್ತಿರ ಇರೋದು ಬೆಳಗ್ಗೆ ಐದೂವರೆಯಿಂದ ಆರೂಕಾಲಿನವರೆಗಿನ ಮುಕ್ಕಾಲು ಗಂಟೆ. ಆಮೇಲೆ ಮಗಳು ಏಳ್ತಾಳೆ, ಹಾಲು, ಸ್ಕೂಲ್ ವ್ಯಾನ್, ಸ್ಟ್ಯಾಂಡಪ್ ಮೀಟಿಂಗ್. ಆ್ಯಂಟೆನಾ ಅಂತ ಇರೋದು ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ, ನೀರಿನ ಟ್ಯಾಂಕಿನಿಂದ ಲಿಫ್ಟ್ ರೂಮಿನವರೆಗೆ ಎಳೆದ ಒಂದು ತಂತಿ. ಸುತ್ತ ನೂರಾರು ಎಲ್‌ಇಡಿ ಬಲ್ಬು, ಇನ್ವರ್ಟರ್, ಚಾರ್ಜರ್, ಎಲ್ಲದರ ಗುಂಯ್ ಸದ್ದೂ ನನ್ನ ರಿಸೀವರಿಗೇ ಬಂದು ಬೀಳುತ್ತೆ. ಇಂಥಾ ಪರಿಸ್ಥಿತಿಯಲ್ಲಿ ಡಯಲ್ ತಿರುಗಿಸ್ತಾ ಕೂತರೆ ಮುಕ್ಕಾಲು ಗಂಟೆ ಗೊರಗೊರ ಸದ್ದಿನಲ್ಲೇ ಮುಗಿಯುತ್ತೆ. ಹಾಗಾಗಿ ಕ್ಲಸ್ಟರ್ ಬೇಕೇ ಬೇಕು. ಕ್ಲಸ್ಟರಿಗೆ ಫಿಲ್ಟರ್ ಬೇಕೇ ಬೇಕು.

ಫಿಲ್ಟರ್ ಹಾಕೋದು ಕಷ್ಟವೇನಲ್ಲ. ಈಗ ಬಹಳ ಕಡೆ ಓಡ್ತಿರೋದು ಡಿಎಕ್ಸ್‌ಸ್ಪೈಡರ್ ಅನ್ನೋ ಸಾಫ್ಟ್‌ವೇರ್, ಪರ್ಲ್‌ನಲ್ಲಿ ಬರೆದದ್ದು. ಅದಕ್ಕೆ ಎರಡೇ ಮಾತು ಅರ್ಥವಾಗೋದು: ಅಕ್ಸೆಪ್ಟ್ ಮತ್ತು ರಿಜೆಕ್ಟ್. ಇದನ್ನ ಒಳಗೆ ಬಿಡು, ಅದನ್ನ ಬಿಡಬೇಡ. ಬ್ಯಾಂಡ್ ಪ್ರಕಾರ, ಮೋಡ್ ಪ್ರಕಾರ, ದೇಶದ ಪ್ರಕಾರ, ಟಿಪ್ಪಣಿಯಲ್ಲಿರೋ ಪದದ ಪ್ರಕಾರವೂ ಹಾಕಬಹುದು. ನಾನು ಮೊದಲು ಮಾಡೋದು ಸುಲಭದ್ದು. ಆ ಹೊತ್ತಿನಲ್ಲಿ ನನ್ನ ತಂತಿಗೆ ನಿಲುಕೋದು 7 ಮತ್ತು 14 ಮೆಗಾಹರ್ಟ್ಸ್‌ನ ಮೋರ್ಸ್ ಭಾಗ, ಉಳಿದದ್ದು ಬೇಡ. 2017ರಲ್ಲಿ ಎಫ್‌ಟಿ8 ಅನ್ನೋ ಡಿಜಿಟಲ್ ಮೋಡ್ ಬಂದ ಮೇಲೆ ಅದರ ಸ್ಪಾಟ್‌ಗಳೇ ಒಂದು ಪ್ರವಾಹ, ಅದೂ ಬೇಡ. ಅರ್ಧ ಭಾರ ಇಳೀತು.

ಮುಂದಿನದ್ದೇ ಸ್ವಾರಸ್ಯ. ಹೊಸದಾಗಿ ಬಂದವರೆಲ್ಲ ಮೊದಲು ಹಾಕೋದು 'ಯಾರು ಕೇಳಿಸಿದರು' ಅನ್ನೋದರ ಮೇಲೆ. ನನಗೆ ಕೆರಿಬಿಯನ್ ಬೇಕು, ಪೆಸಿಫಿಕ್ ದ್ವೀಪ ಬೇಕು, ಅದನ್ನಷ್ಟೇ ತೋರಿಸು. ಸರಿ, ತೋರಿಸುತ್ತೆ. ಬಾಸ್ಟನ್‌ನಲ್ಲಿ ಸಂಜೆ ಏಳೂವರೆಗೆ ಒಬ್ಬನಿಗೆ ಕೆರಿಬಿಯನ್ ಸ್ಟೇಷನ್ ಗಟ್ಟಿಯಾಗಿ ಕೇಳಿಸುತ್ತೆ, ಸ್ಪಾಟ್ ಹಾಕ್ತಾನೆ. ನವೆಂಬರಿನಲ್ಲಾದರೆ ಬೆಂಗಳೂರಿನಲ್ಲಿ ಆಗ ಬೆಳಗ್ಗೆ ಆರು. ಆ ದ್ವೀಪ ಅವನಿಗೆ ಪಕ್ಕದ ಬೀದಿ ಇದ್ದ ಹಾಗೆ, ನನಗೆ ಹತ್ತು ಸಾವಿರ ಕಿಲೋಮೀಟರಿಗೂ ಹೆಚ್ಚು. ಮಧ್ಯೆ ಅಯಾನುಗೋಳದ ಮರ್ಜಿ. ಅವನ ಸ್ಪಾಟ್ ಸುಳ್ಳಲ್ಲ, ನನಗೆ ಅದು ಸತ್ಯ ಅಲ್ಲ ಅಷ್ಟೇ. ಬೇರೆ ಊರಲ್ಲಿ ಮಳೆ ಬಂತು ಅಂತ ನಾವು ಒಣಗಿದ ಬಟ್ಟೆ ಎತ್ತಿಡ್ತೀವಾ?

ಹಾಗಾಗಿ ಪಳಗಿದವರು ಫಿಲ್ಟರ್ ಹಾಕೋದು 'ಯಾರಿಗೆ ಕೇಳಿಸಿತು' ಅನ್ನೋದರ ಮೇಲೆ. ಹ್ಯಾಮ್‌ಗಳ ಲೆಕ್ಕದಲ್ಲಿ ಭೂಮಿಯನ್ನ 40 ವಲಯಗಳಾಗಿ ಹಂಚಿದ್ದಾರೆ. ನಾವು 22ನೇ ವಲಯ. ಶ್ರೀಲಂಕಾ, ನೇಪಾಳ, ಭೂತಾನ್, ಮಾಲ್ಡೀವ್ಸ್ ಎಲ್ಲ ನಮ್ಮ ಜೊತೆಗೇ. ಅಂಡಮಾನ್ ನಮ್ಮದೇ ಆದರೂ ವಲಯ ಮಾತ್ರ 26, ಥಾಯ್ಲೆಂಡ್ ಮ್ಯಾನ್ಮಾರ್‌ಗಳ ಜೊತೆ. ನನ್ನ ವಲಯ ಮತ್ತು ಅಕ್ಕಪಕ್ಕದ ವಲಯಗಳಲ್ಲಿ ಕೂತವರಿಗೆ ಕೇಳಿಸಿದ್ದನ್ನ ಮಾತ್ರ ತೋರಿಸು ಅಂತ ಒಂದು ಸಾಲು ಬರೆದೆ. ಕೊಲಂಬೋದಲ್ಲಿ ಒಬ್ಬರಿಗೆ ಕೇಳಿಸಿದರೆ ನನಗೂ ಕೇಳಿಸೋ ಸಾಧ್ಯತೆ ಜಾಸ್ತಿ. ಆಕಾಶದ ಅದೇ ಬಾಗಿಲು ಇಬ್ಬರಿಗೂ ತೆರೆದಿರುತ್ತೆ.

ಎಂಟರ್ ಒತ್ತಿದೆ. ಪರದೆ ಖಾಲಿ.

ತೀರಾ ಖಾಲಿ ಅಲ್ಲ, ಅಲ್ಲೊಂದು ಇಲ್ಲೊಂದು ಸಾಲು. ಸಿಲ್ಕ್ ಬೋರ್ಡ್ ಹೋಗಿ ಬಂದ್ ದಿನದ ರಸ್ತೆ. ಫಿಲ್ಟರ್ ಸರಿಯಾಗೇ ಇತ್ತು, ಕೇಳೋ ಕಿವಿಗಳೇ ಈ ಕಡೆ ಕಮ್ಮಿ. ಯಂತ್ರದ ರಿಸೀವರ್‌ಗಳು ದಟ್ಟವಾಗಿರೋದು ಯುರೋಪಿನಲ್ಲಿ, ಉತ್ತರ ಅಮೆರಿಕದಲ್ಲಿ. ನಮ್ಮ ಕಡೆ ಬೆರಳೆಣಿಕೆ.

ಈಗ ಇನ್ನೊಂದು ಫಿಲ್ಟರಿನ ಕಥೆ ಹೇಳಬೇಕು. ಯಂತ್ರ ಓದುವಾಗ ತಪ್ಪು ಆಗುತ್ತೆ. ಮೋರ್ಸ್‌ನಲ್ಲಿ 'ವಿ' ಅಂದರೆ ಮೂರು ಚುಕ್ಕಿ, ಒಂದು ಗೆರೆ. 'ಯು' ಅಂದರೆ ಎರಡು ಚುಕ್ಕಿ, ಒಂದು ಗೆರೆ. ನಮ್ಮ ದೇಶದ ಕರೆಸಂಕೇತ ಶುರುವಾಗೋದೇ 'ವಿಯು' ಅಂತ. ಗದ್ದಲದಲ್ಲಿ ಒಂದೇ ಒಂದು ಚುಕ್ಕಿ ಕಳೆದುಹೋದರೆ 'ಯುಯು' ಆಗುತ್ತೆ, ಅದು ಉಕ್ರೇನಿನ ಸರಣಿ. ಭಾರತದವರು ಕಣ್ಣು ಮುಚ್ಚಿ ಬಿಡೋದರಲ್ಲಿ ಉಕ್ರೇನಿನವರಾದರು! ಇಂಥ ತಪ್ಪನ್ನ ಸೋಸೋಕೆ ಹಲವು ಪ್ರೋಗ್ರಾಮ್‌ಗಳಲ್ಲಿ ಒಂದು ಉಪಾಯ ಇದೆ. ಒಂದೇ ಕರೆಸಂಕೇತವನ್ನ ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡು ಮೂರು ಕಡೆಯವರು ಕೇಳಿದ್ದರೆ ಮಾತ್ರ ತೋರಿಸು, ಒಬ್ಬರೇ ಕೇಳಿದ್ದರೆ ಕಸದ ಬುಟ್ಟಿಗೆ ಹಾಕು.

ಸಾಫ್ಟ್‌ವೇರಿನಲ್ಲಿ ಕೆಲಸ ಮಾಡೋರಿಗೆ ಇದು ಹೊಸದಲ್ಲ. ನನ್ನ ಹೊಟ್ಟೆಪಾಡೂ ಇದೇ. ರಾತ್ರಿ ಆನ್‌ಕಾಲ್ ಇದ್ದಾಗ ಒಂದು ಸರ್ವರ್ ಕಿರುಚಿದರೆ ನನ್ನನ್ನ ಎಬ್ಬಿಸಬೇಡ, ಮೂರರಲ್ಲಿ ಎರಡು ಹೂಂ ಅಂದರೆ ಎಬ್ಬಿಸು. ಬಹುಮತಕ್ಕೆ ಬೆಲೆ ಇದೆ, ನಿದ್ದೆಗೂ ಬೆಲೆ ಇದೆ. ಆದರೆ ಆ ಮೂರು ಸರ್ವರ್‌ಗಳು ಒಂದೇ ಕೋಣೆಯಲ್ಲಿರುತ್ತವೆ. ಭೂಮಿ ಒಂದೇ ಕೋಣೆ ಅಲ್ಲ.

ಈ ಬಹುಮತದ ಫಿಲ್ಟರನ್ನ ಒಂದು ವಾರ ಆನ್ ಇಟ್ಟು, ಒಂದು ವಾರ ಆಫ್ ಇಟ್ಟು ನೋಡಿದೆ. ಆನ್ ಇದ್ದ ವಾರ ಪರದೆ ಬಲು ಅಚ್ಚುಕಟ್ಟು. ಯುರೋಪಿನ ಸ್ಟೇಷನ್‌ಗಳು ಸಾಲಾಗಿ ನಿಂತಿದ್ದವು. ಅಲ್ಲಿ ಒಬ್ಬ ಕೆಮ್ಮಿದರೂ ಹತ್ತು ರಿಸೀವರ್‌ಗಳಿಗೆ ಕೇಳಿಸುತ್ತೆ, ಬಹುಮತ ಅಂಗೈಯಲ್ಲೇ ಇರುತ್ತೆ. ಮಾಯವಾಗಿದ್ದು ನಮ್ಮ ಸುತ್ತಮುತ್ತಲಿನ ವರದಿಗಳು. ಇಲ್ಲಿ ಕೇಳೋರೇ ಒಬ್ಬರು, ಇನ್ನಿಬ್ಬರನ್ನ ಎಲ್ಲಿಂದ ತರೋದು? ತಪ್ಪು ಓದಿದ್ದಕ್ಕೆ ಹೋದದ್ದಲ್ಲ, ಒಂಟಿಯಾಗಿದ್ದಕ್ಕೆ ಹೋದದ್ದು. ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬರೋ ವರದಿ ಯಾವುದೋ, ಫಿಲ್ಟರ್ ಮೊದಲು ಎಸೀತಿದ್ದದ್ದು ಅದನ್ನೇ.

ಒಂಟಿ ದನಿಯ ಬೆಲೆ ಏನು ಅಂತ ಕೇಳಿದರೆ ಹ್ಯಾಮ್‌ಗಳು 2004ರ ಡಿಸೆಂಬರ್ ನೆನಪಿಸಿಕೊಳ್ತಾರೆ. ಅಂಡಮಾನಿನಿಂದ ಹಲವು ವರ್ಷಗಳ ನಂತರ ಹ್ಯಾಮ್ ರೇಡಿಯೋ ಪ್ರಸಾರಕ್ಕೆ ಅನುಮತಿ ಸಿಕ್ಕಿ, ಹೈದರಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ರೇಡಿಯೋದ ಭಾರತಿ ಪ್ರಸಾದ್ ಅವರ ತಂಡ ಪೋರ್ಟ್ ಬ್ಲೇರ್‌ನಲ್ಲಿತ್ತು. ಜಗತ್ತಿನ ಹ್ಯಾಮ್‌ಗಳಿಗೆಲ್ಲ ಅಪರೂಪದ ದ್ವೀಪ, ಲಾಗ್ ಪುಸ್ತಕದಲ್ಲಿ ಒಂದು ಹೊಸ ಗೆರೆ. ಡಿಸೆಂಬರ್ 26ರ ಬೆಳಗ್ಗೆ ಸುನಾಮಿ ಬಂತು. ಫೋನುಗಳು ಸತ್ತವು. ಹಿಂದಿನ ದಿನದವರೆಗೆ ಹವ್ಯಾಸವಾಗಿದ್ದ ಅದೇ ರೇಡಿಯೋ ಮೂಲಕ ಯಾರು ಬದುಕಿದ್ದಾರೆ, ಯಾರಿಗೆ ಏನು ಬೇಕು ಅನ್ನೋ ಸಂದೇಶಗಳು ಮುಖ್ಯಭೂಮಿಗೆ ಬರತೊಡಗಿದವು.

ಈಗ ಜನಪ್ರಿಯವಾಗಿರೋ ಒಂದು ಫಿಲ್ಟರ್ ಇದೆ: ನಾನು ಈಗಾಗಲೇ ಮಾತಾಡಿರೋ ದೇಶಗಳನ್ನ ಮತ್ತೆ ತೋರಿಸಬೇಡ. ಪಟ್ಟಿಯಲ್ಲಿ ಟಿಕ್ ಬಿದ್ದ ಮೇಲೆ ಆ ದೇಶ ಪರದೆಯಿಂದ ಮಾಯ. ಅಂಡಮಾನಿಗೆ ಡಿಸೆಂಬರ್ ಹತ್ತಕ್ಕೇ ಟಿಕ್ ಹಾಕಿಕೊಂಡವನ ಪರದೆಯಲ್ಲಿ ಇಂಥ ಫಿಲ್ಟರ್ ಇದ್ದಿದ್ದರೆ, ಇಪ್ಪತ್ತಾರರ ಬೆಳಗ್ಗೆ ಅಲ್ಲಿಂದ ಬಂದ ಸ್ಪಾಟ್ ಅವನಿಗೆ ಕಾಣ್ತಿರಲಿಲ್ಲ. ದ್ವೀಪ ಅದೇ, ಕರೆಸಂಕೇತ ಅದೇ, ಮಾತು ಮಾತ್ರ ಬೇರೆ. ಫಿಲ್ಟರಿಗೆ ಮಾತು ಬದಲಾಗಿದೆ ಅಂತ ಗೊತ್ತಾಗೋದಿಲ್ಲ.

ಡಿಎಕ್ಸ್‌ಸ್ಪೈಡರಿನ ಆ ಎರಡು ಮಾತುಗಳ ಒಳಗೆ ಒಂದು ನಿಯಮ ಇದೆ, ಅದು ನನಗೆ ಬಹಳ ಹಿಡಿಸಿತು. ನೀವು ಬರೀ ರಿಜೆಕ್ಟ್ ಸಾಲುಗಳನ್ನ ಬರೆದರೆ, ಅವುಗಳಿಗೆ ಸಿಕ್ಕಿಬೀಳದ್ದೆಲ್ಲ ಒಳಗೆ ಬರುತ್ತೆ. ಬರೀ ಅಕ್ಸೆಪ್ಟ್ ಸಾಲು ಬರೆದರೆ, ಅವುಗಳಿಗೆ ಹೊಂದದ್ದೆಲ್ಲ ಹೊರಗೇ ಉಳಿಯುತ್ತೆ. ಕೇಳೋಕೆ ಒಂದೇ ನಾಣ್ಯದ ಎರಡು ಮುಖ ಅನ್ನಿಸಬಹುದು. ಆದರೆ ಮೊದಲನೆಯದು ಬಾಗಿಲು ತೆರೆದಿಟ್ಟು ಬೇಡದವರನ್ನ ಕಳಿಸೋ ಮನೆ, ಎರಡನೆಯದು ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಗೇಟ್ ತೆಗೆಯೋ ಅಪಾರ್ಟ್‌ಮೆಂಟ್. ಯಾರೂ ಊಹಿಸದೆ ಇದ್ದದ್ದು ಬಂದರೆ ಮೊದಲನೆಯದರಲ್ಲಿ ಅದಕ್ಕೆ ಜಾಗ ಇದೆ, ಎರಡನೆಯದರಲ್ಲಿ ಇಲ್ಲ.

ಈಗ ನನ್ನ ಫಿಲ್ಟರ್ ಹೀಗಿದೆ. ದೂರದ ವಲಯಗಳ ವರದಿಗೆ ಬಿಗಿ: ನನಗೆ ಕೇಳಿಸದ ಬ್ಯಾಂಡ್ ಬೇಡ, ಎಫ್‌ಟಿ8 ಬೇಡ, ಅಲ್ಲಿಗೆ ಬಹುಮತದ ನಿಯಮವೂ ಇರಲಿ. ನನ್ನ ವಲಯ ಮತ್ತು ನೆರೆ ವಲಯಗಳ ವರದಿಗೆ ಸಡಿಲ: ಒಬ್ಬರೇ ಕೇಳಿದ್ದರೂ ತೋರಿಸು, ಟಿಕ್ ಬಿದ್ದ ದೇಶವಾದರೂ ತೋರಿಸು. ಇದರಲ್ಲಿ ತಪ್ಪು ಕರೆಸಂಕೇತಗಳೂ ಬರುತ್ತವೆ. ಬರಲಿ. ಡಯಲ್ ಅಲ್ಲಿಗೆ ತಿರುಗಿಸಿ ನನ್ನ ಕಿವಿಯಿಂದಲೇ ಪರೀಕ್ಷೆ ಮಾಡೋಕೆ ಅರ್ಧ ನಿಮಿಷ ಸಾಕು.

ಆದರೆ ಫಿಲ್ಟರ್ ಎಷ್ಟೇ ತಿದ್ದಿದರೂ ಇಲ್ಲದ ವರದಿಯನ್ನ ಅದು ಹುಟ್ಟಿಸಲ್ಲ. ನಮ್ಮ ಕಡೆ ಹ್ಯಾಮ್‌ಗಳಿಗೇನೂ ಬರವಿಲ್ಲ, ಬೆಂಗಳೂರಂತೂ ಈ ಹವ್ಯಾಸಕ್ಕೆ ಹಳೇ ಮನೆ. ಬಹಳ ಜನ ಕ್ಲಸ್ಟರ್ ನೋಡ್ತಾರೆ, ಬರೆಯೋರು ಕಮ್ಮಿ. ಸ್ಪಾಟ್ ಹಾಕಿದರೆ ಎಲ್ಲರೂ ಮುಗಿಬಿದ್ದು ನಮ್ಮ ಸರದಿ ತಪ್ಪುತ್ತೆ ಅನ್ನೋ ಲೆಕ್ಕಾಚಾರ ಕೆಲವರದ್ದು. "ನಮ್ಮ ಕಿವಿಗೆ ಕೇಳಿಸಿದ್ದು ಯಾರಿಗೆ ಬೇಕು ಬಿಡ್ರೀ" ಅನ್ನೋ ಸಂಕೋಚ ಹಲವರದ್ದು. ಈ ಸಂಕೋಚವೇ ನಮ್ಮ ವಲಯದ ಪರದೆಯನ್ನ ಖಾಲಿ ಇಟ್ಟಿರೋದು. ಹಾಗಾಗಿ ದಿನಾ ಬೆಳಗ್ಗೆ ಕನಿಷ್ಠ ಒಂದು ಸ್ಪಾಟ್ ಹಾಕೋದನ್ನ ರೂಢಿ ಮಾಡಿಕೊಂಡಿದ್ದೀನಿ. ಅಪರೂಪದ್ದೇ ಆಗಬೇಕಿಲ್ಲ. ಈ ತಂತಿಗೆ, ಈ ಊರಿನಲ್ಲಿ, ಈ ನಿಮಿಷ ಇದು ಕೇಳಿಸಿತು ಅಷ್ಟೇ.

ಹೋದ ಚಳಿಗಾಲದಲ್ಲಿ ಒಂದು ದಿನ 7 ಮೆಗಾಹರ್ಟ್ಸ್‌ನಲ್ಲಿ ಆಫ್ರಿಕಾದ ಒಂದು ದುರ್ಬಲ ಸ್ಟೇಷನ್ ಸಿಕ್ಕಿತು. ಉತ್ತರ ಬರ್ತಿರಲಿಲ್ಲ, ಸುಮ್ಮನೆ ಕರೀತಾನೇ ಇದ್ದರು. ನನ್ನದು ಮುಗಿದ ಕೂಡಲೇ ಸ್ಪಾಟ್ ಹಾಕಿದೆ. ಐದು ನಿಮಿಷದಲ್ಲಿ 'ವಿಯು' ಅಂತ ಶುರುವಾಗೋ ಕರೆಗಳು ಒಂದೊಂದಾಗಿ ಕೇಳಿಸತೊಡಗಿದವು. ಅದರಲ್ಲೊಂದು ಬಹಳ ನಿಧಾನದ ಕೈ. ಹಳೇ ಕೀಯಲ್ಲಿ, ಚುಕ್ಕಿ ಚುಕ್ಕಿಗೂ ಜಾಗ ಬಿಟ್ಟು ಹೊಡೆಯೋ ವಯಸ್ಸಾದವರ ಕೈ ಅನ್ನಿಸ್ತು. ಯಾರೋ ಗೊತ್ತಿಲ್ಲ. ಮೂರನೇ ಸಲಕ್ಕೆ ಅವರಿಗೂ ಉತ್ತರ ಸಿಕ್ಕಿತು. ಆ ಹೊತ್ತಿಗೆ ನಮ್ಮ ವಲಯದಿಂದ ಪರದೆಯ ಮೇಲಿದ್ದ ಸಾಲು ಒಂದೇ. ಬಹುಮತದ ಫಿಲ್ಟರ್ ಹಾಕಿಕೊಂಡವರಿಗೆ ಅದೂ ಕಂಡಿರಲ್ಲ.